ಪೆಟ್ಟಿಗೆಯೊಳಗಿನ ಹೆಸರು

ಪೋಂಕಾ ಸಿಟಿ, ಒಕ್ಲಹೋಮಾ
9 ಮಾರ್ಚ್ 1964

ಎಲ್ಪಿಡಿಯಾ ಎಂಬವರಿಗೆ,

ನಿಮ್ಮ ಪೂರ್ತಿ ಹೆಸರು ನನಗೆ ತಿಳಿಯದು. ನಿಮ್ಮ ಕಾರ್ಖಾನೆಯ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಒಳಗೆ, ಬಿಳಿ ಟೇಪಿನ ಚೂರೊಂದರ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರು ಇದು. ತಂತಿ ಬೆಸೆದವರು ತಮ್ಮ ಹೆಸರು ಬರೆದು ಒಳಗೆ ಅಂಟಿಸುವುದು ನಿಮ್ಮಲ್ಲಿ ಪದ್ಧತಿಯಂತೆ. ಕಚೇರಿಯವರಿಗೆ ಬರೆದರೆ ಅಚ್ಚು ಹಾಕಿಸಿದ ಕ್ಷಮಾಪಣೆ ಬರುತ್ತದೆ. ಅದಕ್ಕೇ ಬೆಸೆದವರನ್ನೇ ಕೇಳೋಣವೆಂದು ಈ ಪತ್ರ.

ನನ್ನದು ರೇಡಿಯೋ ರಿಪೇರಿ ಅಂಗಡಿ. ಹಿಂದಿನ ಶೆಡ್ಡಿನಲ್ಲಿ ಗಿಟಾರಿನವರಿಗೆ ಪೆಟ್ಟಿಗೆಗಳನ್ನೂ ಮಾಡಿಕೊಡುತ್ತೇನೆ. ಡೆಲ್ಬರ್ಟ್ ಫುಗೇಟ್ ಎಂಬವನು ವಾರವೆಲ್ಲ ಎಣ್ಣೆ ಕಾರ್ಖಾನೆಯಲ್ಲಿ ಕೊಳವೆ ಬಿಗಿದು, ಶನಿವಾರ ಡ್ಯಾನ್ಸ್ ಹಾಲಿನಲ್ಲಿ ಗಿಟಾರ್ ಬಾರಿಸುತ್ತಾನೆ. ಅವನದು ನಿಮ್ಮಲ್ಲಿ ತಯಾರಾದ, ಎರಡು ಸ್ಪೀಕರಿನ, ಬೆನ್ನು ತೆರೆದ ಪೆಟ್ಟಿಗೆ. ಕಳೆದ ತಿಂಗಳು ಅದನ್ನು ಹೊತ್ತುತಂದು ನನ್ನ ಬೆಂಚಿನ ಮೇಲೆ ಕುಕ್ಕಿದ.

"ಓರ್ವಿಲ್, ಇದ್ರಲ್ಲಿ ದಪ್ಪ ತಂತಿ ಮೀಟಿದ್ರೂ ಸೊಳ್ಳೆ ಕೂಗ್ದಂಗೆ ಕೇಳುತ್ತೆ ಕಣಯ್ಯ. ಹಿಂದ್ಗಡೆ ಮುಚ್ಚಿಬಿಡು."

ಬೆನ್ನು ತೆರೆದ ಪೆಟ್ಟಿಗೆಯ ಗುಣವೇ ಅದು ಎಂದೆ. ಹಿಂದಿನಿಂದ ಹೊರಟ ಸದ್ದು ಸುತ್ತಿ ಬಂದು ಮುಂದಿನದರ ತೂಕವನ್ನು ಕಳೆಯುತ್ತದೆ. ಬದಲಿಗೆ ಹಾಲಿನ ಮೂಲೆಮೂಲೆಗೂ ಗಾಳಿಯಂತೆ ಹರಡುತ್ತದೆ. ಮುಚ್ಚಿದ್ದು ಹಾಗಲ್ಲ, ಎದುರಿಗೆ ನಿಂತವನ ಎದೆಗೇ ಗುದ್ದುತ್ತದೆ. ಅವನಿಗೆ ಗುದ್ದೇ ಬೇಕಿತ್ತು. ಮುಕ್ಕಾಲು ಅಂಗುಲದ ಬರ್ಚ್ ಪ್ಲೈವುಡ್ ಕೊಯ್ದು, ಮೂಲೆಗಳನ್ನು ಎರಡು ಕೈಬೆರಳು ಹೆಣೆದಂತೆ ಜೋಡಿಸಿ, ಹೊಸ ಪೆಟ್ಟಿಗೆ ಮಾಡಿದೆ. ಅವೇ ಎರಡು ಸ್ಪೀಕರುಗಳನ್ನು, ನಿಮ್ಮ ಬೆಸುಗೆಯನ್ನು ಮುಟ್ಟದೆ, ತಂತಿಸಮೇತ ಅದಕ್ಕೆ ಕೂರಿಸಿದೆ. ಬೆನ್ನಿಗೆ ಹದಿನಾರು ತಿರುಪು.

ಗುದ್ದು ಬರಲಿಲ್ಲ. ಮೊದಲು ಇದ್ದಷ್ಟು ದಪ್ಪ ಸದ್ದೂ ಸತ್ತುಹೋಯಿತು. ಒಂದು ದಿನವೆಲ್ಲ ಹಲಗೆಯನ್ನು ಬೈದೆ, ಅಂಟನ್ನು ಬೈದೆ, ಕೊನೆಗೆ ಟಾರ್ಚಿನ ಬ್ಯಾಟರಿಯನ್ನು ಪೆಟ್ಟಿಗೆಯ ಪ್ಲಗ್ಗಿಗೆ ತಾಗಿಸಿ ನೋಡಿದೆ. ಸರಿಯಿದ್ದರೆ ಎರಡು ಸ್ಪೀಕರಿನ ಕಾಗದವೂ ಒಟ್ಟಿಗೆ ಮುಂದಕ್ಕೆ ಬರಬೇಕು. ಇಲ್ಲಿ ಒಂದು ಮುಂದೆ ಬಂತು, ಇನ್ನೊಂದು ಹಿಂದೆ ಹೋಯಿತು. ಒಬ್ಬ ಬಿಟ್ಟ ಉಸಿರನ್ನು ಪಕ್ಕದವನು ನುಂಗುತ್ತಿದ್ದಾನೆ. ಬೆನ್ನು ತೆರೆದಿದ್ದಾಗ ಅದು ಆ ಪೆಟ್ಟಿಗೆಯ ಗುಣವೆಂದು ಎಲ್ಲರೂ ಸುಮ್ಮನಿದ್ದೆವು. ಮುಚ್ಚಿದಾಗ ಬಣ್ಣ ಬಯಲಾಯಿತು.

ಹೋದ ವಾರ ಎರಡನೆಯ ಪೆಟ್ಟಿಗೆ ಬಂತು. ಅದೇ ದೋಷ, ಅದೇ ಹೆಸರು. ಒಮ್ಮೆಯಾದರೆ ಕೈತಪ್ಪು ಎನ್ನಬಹುದು. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ನಿಮಗೆ ಯಾರೂ ಹೇಳಿಕೊಟ್ಟಿಲ್ಲವೇ?

ಓರ್ವಿಲ್ ಟ್ಯಾಕೆಟ್

ಪ್ಲಸೆಂಟಿಯಾ, ಕ್ಯಾಲಿಫೋರ್ನಿಯಾ
16 ಮಾರ್ಚ್ 1964

ಶ್ರೀ ಟ್ಯಾಕೆಟ್ ಅವರಿಗೆ,

ಇನ್ನುಮುಂದೆ ಕಾರ್ಖಾನೆಯ ವಿಳಾಸಕ್ಕೆ ಬರೆಯಬೇಡಿ, ಲಕೋಟೆಯ ಮೇಲಿರುವ ನನ್ನ ಮನೆಯ ವಿಳಾಸಕ್ಕೆ ಬರೆಯಿರಿ. ನಿಮ್ಮ ಲಕೋಟೆ ನನ್ನ ಕೈಗೆ ಬರುವಾಗ ಅದರ ಅಂಟು ಹಸಿಯಾಗಿತ್ತು, ಯಾರೋ ಬಿಚ್ಚಿ ಮತ್ತೆ ಅಂಟಿಸಿದಂತೆ. ನಮ್ಮ ಮೇಸ್ತ್ರಿ ಪ್ರೂಯಿಟ್ ಅದನ್ನು ಬಾಗಿಲ ತನಕ ತಂದುಕೊಟ್ಟು, "ಒಕ್ಲಹೋಮಾದಲ್ಲಿ ಯಾರಮ್ಮಾ ನಿನ್ಗೆ ನೆಂಟ್ರು?" ಎಂದು ನಕ್ಕ. ಅವನು ನಗುವುದು ಅಪರೂಪ.

ನೀವು ಯಾರೆಂದು ನನಗೂ ಗೊತ್ತಿಲ್ಲ. ನಿಜವಾಗಿ ರಿಪೇರಿಯವರೋ, ಇಲ್ಲ ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಲು ಪ್ರೂಯಿಟ್ ಹೂಡಿದ ಗೂಢಚಾರರೋ? ಹನ್ನೊಂದು ವರ್ಷದಿಂದ ಬೆಸುಗೆ ಕಡ್ಡಿ ಹಿಡಿದಿದ್ದೇನೆ. ಸ್ಪೀಕರಿನ ಬೆನ್ನಿಗೆ ಕೆಂಪು ಚುಕ್ಕೆ ಇರುವುದು ಪ್ಲಸ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದನ್ನು ಹೇಳುತ್ತೇನೆ. ಜನವರಿಯಲ್ಲಿ ಬಲಗೈ ಹೆಬ್ಬೆರಳು ಸುಟ್ಟು, ಎರಡು ವಾರ ಬಟ್ಟೆ ಸುತ್ತಿಕೊಂಡು, ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಲಸ ಮಾಡಿದೆ. ಆಗಲೂ ಒಂದು ಬೆಸುಗೆ ಬಿಟ್ಟುಹೋಗಲಿಲ್ಲ.

ಇಲ್ಲಿಯ ರೀತಿ ಕೇಳಿ. ಗೋಡೆಯ ಮೇಲೆ ಒಂದು ಹಲಗೆ ಇದೆ. ಹೊರಗಿನಿಂದ ದೂರಿನ ಕಾರ್ಡು ಬಂದರೆ, ಅದರಲ್ಲಿರುವ ಟೇಪಿನ ಹೆಸರಿನ ಕೆಳಗೆ ಅದನ್ನು ಚುಚ್ಚುತ್ತಾರೆ. ಮೂರು ಕಾರ್ಡು ಬಿದ್ದರೆ ಕೆಲಸ ಹೋಯಿತು. ನನ್ನ ಹೆಸರಿನ ಕೆಳಗೆ ಈಗ ಎರಡು ಇವೆ. ಅವನ್ನು ಕಳಿಸಿದವರು ನೀವೇ ಏನು? ನನ್ನ ಗಂಡ ಕಿತ್ತಳೆ ತೋಟದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ. ಮೂರನೆಯ ಕಾರ್ಡು ಬಂದರೆ ನಾವು ಬೀದಿಗೆ ಬರುತ್ತೇವೆ.

ಒಂದು ಮಾತು ಕೇಳುತ್ತೇನೆ. ಆ ಟೇಪಿನ ಅಕ್ಷರ ಹೇಗಿದೆ? ಬೇರೆ ಯಾರೋ ನನ್ನ ಹೆಸರು ಬರೆದು ಅಂಟಿಸುತ್ತಿರಬಹುದು.

ಎಲ್ಪಿಡಿಯಾ ಬಾರಗಾನ್

ಪೋಂಕಾ ಸಿಟಿ
23 ಮಾರ್ಚ್ 1964

ಶ್ರೀಮತಿ ಬಾರಗಾನ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿಮ್ಮ ಪತ್ರ. ನಾನು ತಂತಿಯ ಮಾತಾಡಿದರೆ ನೀವು ಗೂಢಚಾರರ ಮಾತಾಡುತ್ತೀರಿ. ಐವತ್ತೆಂಟು ವರ್ಷದಲ್ಲಿ ನನ್ನನ್ನು ಜಿಪುಣ ಎಂದವರಿದ್ದಾರೆ, ಮುಂಗೋಪಿ ಎಂದವರಿದ್ದಾರೆ. ಚಾಡಿಕೋರ ಎಂದವರು ನೀವೇ ಮೊದಲು. ನಿಮ್ಮ ಗೋಡೆಯ ಹಲಗೆಗೆ ಯಾರು ಏನು ಚುಚ್ಚುತ್ತಾರೋ, ಇಲ್ಲಿ ಕುಳಿತ ನಾನು ಹೇಗೆ ಹೇಳಲಿ?

ಮೂರನೆಯ ಪೆಟ್ಟಿಗೆಯೂ ಬಂದಿದೆ. ಅದರ ಟೇಪನ್ನು ಬಿಸಿ ತಟ್ಟಿಸಿ ಬಿಡಿಸಿ, ಮೇಣದ ಕಾಗದದ ಮೇಲಿಟ್ಟು ಕಳಿಸುತ್ತಿದ್ದೇನೆ. ಅಕ್ಷರ ಯಾರದೆಂದು ನೀವೇ ನೋಡಿಕೊಳ್ಳಿ.

ಹೇಳಲೇಬೇಕಾದ ಇನ್ನೊಂದು ಸಂಗತಿ. ನಿಮ್ಮ ಕಾರ್ಖಾನೆಯಿಂದ ಒಂದೇ ಸ್ಪೀಕರಿನ ಪೆಟ್ಟಿಗೆಗಳೂ ನನ್ನಲ್ಲಿಗೆ ಬರುತ್ತವೆ. ಅವುಗಳಲ್ಲಿ 'ಒಫೆಲಿಯಾ' ಎಂಬ ಹೆಸರಿರುತ್ತದೆ. ಅವುಗಳಲ್ಲಿ ಇಂಥ ದೋಷ ನನ್ನ ಕಿವಿಗೆ ಒಂದೂ ಬಿದ್ದಿಲ್ಲ.

ಡೆಲ್ಬರ್ಟನ ಪೆಟ್ಟಿಗೆಗೆ ತಂತಿ ತಿರುಗಿಸಿ ಹಾಕಿಕೊಟ್ಟೆ. ಈಗ ಅವನಿಗೆ ಮುಚ್ಚಿದ್ದರ ಗುದ್ದು ಹೆಚ್ಚಾಯಿತಂತೆ. "ಕುಣಿಯೋರ ಹೊಟ್ಟೆಗ್ ಹೊಡ್ಯುತ್ತೆ, ನಂಗೇ ಕೇಳಲ್ಲ" ಎನ್ನುತ್ತಾನೆ. ಮುಚ್ಚಿದ ಪೆಟ್ಟಿಗೆ ಎದುರಿನವನಿಗೆ ಮಾತ್ರ ಹಾಡುತ್ತದೆ, ಪಕ್ಕದಲ್ಲಿ ನಿಂತವನಿಗೆ ಏನೂ ಸಿಗುವುದಿಲ್ಲ. ಈ ಜಗಳ ತೀರಿಸಲು ಒಂದು ತೆರೆದದ್ದು, ಒಂದು ಮುಚ್ಚಿದ್ದು, ಒಂದೇ ಮರದಲ್ಲಿ, ಒಂದೇ ಅಳತೆಯಲ್ಲಿ ಹೊಸದಾಗಿ ಮಾಡಲು ಹೊರಟಿದ್ದೇನೆ.

ಓರ್ವಿಲ್ ಟ್ಯಾಕೆಟ್

ಪ್ಲಸೆಂಟಿಯಾ
30 ಮಾರ್ಚ್ 1964

ಶ್ರೀ ಟ್ಯಾಕೆಟ್,

ಟೇಪು ತಲುಪಿತು. ನಿಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ಅರ್ಧ ಕ್ಷಮೆ ಕೇಳುತ್ತೇನೆ. ಉಳಿದರ್ಧವನ್ನು ಮುಂದೆ ನೋಡೋಣ.

ಅದು ನನ್ನ ಅಕ್ಷರವಲ್ಲ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ನನ್ನ ಅಕ್ಷರಗಳು ಬೇಲಿಯ ಗೂಟದಂತೆ ನೆಟ್ಟಗೆ ನಿಲ್ಲುತ್ತವೆ. ಈ ಟೇಪಿನಲ್ಲಿ ಮೊದಲ ಅಕ್ಷರದ ಬಾಲ ಸುರುಳಿ ಸುತ್ತಿಕೊಂಡಿದೆ. ಆ ಸುರುಳಿ ಇಡೀ ಕಾರ್ಖಾನೆಯಲ್ಲಿ ಒಬ್ಬಳದೇ. ನನ್ನ ಎಡಗಡೆ ಕೂರುವ ಒಫೆಲಿಯಾ ಕಿಹಾದಳದು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತವಳು.

ನೀವು ಬರೆದ ಹೆಸರೇ ಅದು. ನಮ್ಮ ಬೆಂಚಿನಲ್ಲಿ ಇಬ್ಬರೇ. ಎರಡು ಸ್ಪೀಕರಿನದು ನನ್ನ ಕೆಲಸ, ಒಂದರದು ಅವಳ ಕೆಲಸ. ನನ್ನವೇ ಏಕೆ ತಿರುಗಿ ಬರುತ್ತವೆ, ಅವಳದು ಒಂದೂ ಏಕೆ ಬರುವುದಿಲ್ಲ? ತನ್ನ ಕೆಲಸ ಮುಗಿಸಿ ನನ್ನ ರಾಶಿಯ ಪೆಟ್ಟಿಗೆಗಳಿಗೆ ಕೈಹಾಕುತ್ತಿದ್ದಾಳೆಯೇ? ಅವಳ ನಾದಿನಿ ಒಂದು ವರ್ಷದಿಂದ ಇಲ್ಲಿ ಕೆಲಸಕ್ಕೆ ಕಾಯುತ್ತಿದ್ದಾಳೆ. ಹೋದ ವಾರ ಎರಡು ಸಲ ಒಫೆಲಿಯಾ ಮೇಸ್ತ್ರಿಯ ಕೋಣೆಯಿಂದ ಹೊರಬಂದದ್ದನ್ನು ಕಂಡೆ. "ಏನೇ ಅಲ್ಲಿ?" ಎಂದೆ. "ಏನಿಲ್ಲ ಕೊಮಾದ್ರೆ, ಸುಮ್ನೆ" ಎಂದಳು. ಅವಳು ನನ್ನ ಕಿರಿಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳು. ಅಂಥವರನ್ನು ನಾವು ಕೊಮಾದ್ರೆ ಎಂದು ಕರೆಯುತ್ತೇವೆ. ಅದು ಅಕ್ಕತಂಗಿಗಿಂತ ಹೆಚ್ಚಿನ ನಂಟು.

ಇವತ್ತು ಊಟದ ಬಿಡುವಿನಲ್ಲಿ ಬೀನ್ಸ್ ತುಂಬಿದ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ತಿಂದೆ. ಟೇಪು ನನ್ನ ಏಪ್ರನ್ನಿನ ಜೇಬಿನಲ್ಲಿದೆ. ಯಾರಿಗೂ ತೋರಿಸಿಲ್ಲ.

ಎಲ್ಪಿಡಿಯಾ

ಪ್ಲಸೆಂಟಿಯಾ
17 ಏಪ್ರಿಲ್ 1964

ಶ್ರೀ ಟ್ಯಾಕೆಟ್,

ಎರಡೂವರೆ ವಾರದಿಂದ ನಿಮ್ಮ ಪತ್ರವಿಲ್ಲ. ಬದಲಿಗೆ ಮೂರನೆಯ ಕಾರ್ಡು ಬಂತು. ಹಲಗೆಯ ಮೇಲೆ ಅದನ್ನು ನನ್ನ ಕಣ್ಣಾರೆ ಓದಿದೆ. ಒಕ್ಲಹೋಮಾದ ಅಂಚೆಮುದ್ರೆ. ಉಳಿದರ್ಧ ಕ್ಷಮೆಯನ್ನು ನನ್ನಲ್ಲೇ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ಬುಧವಾರ ಪ್ರೂಯಿಟ್ ನನ್ನ ಬೆಂಚಿಗೆ ಬಂದು, "ಮೂರಾಯ್ತು ಎಲ್ಪಿಡಿಯಾ. ನಾಳೆಯಿಂದ ಬರ್ಬೇಡ" ಎಂದ. ಜೇಬಿನಿಂದ ಟೇಪು ತೆಗೆದೆ.

"ಇದು ನನ್ ಕೈ ಅಲ್ಲ ಸಾರ್. ಬೇಕಾದ್ರೆ ಈಗ್ಲೇ ಬರೆಸಿ ನೋಡಿ."

ಅವನು ಬರೆಸಿ ನೋಡಿದ. ಆಮೇಲೆ ಒಫೆಲಿಯಾಳ ಕಡೆಯ ಬೆಂಚಿನ ಅಂಚಿನಿಂದ ಅವಳ ಟೇಪೊಂದನ್ನು ಕಿತ್ತು ಪಕ್ಕಕ್ಕೆ ಹಿಡಿದ. ಅದೇ ಸುರುಳಿ.

"ಇವ್ಳ ಹೆಸ್ರನ್ನ ನೀನು ಬರ್ದಿದೀಯಾ?"

"ಬರ್ದಿದೀನಿ" ಎಂದಳು ಒಫೆಲಿಯಾ.

"ಯಾಕೆ?"

ಅವಳು ನನ್ನತ್ತ ತಿರುಗಿದಳು. ನಾನೇ ಏನೋ ಹೇಳಬೇಕು ಎಂಬಂತೆ ನೋಡಿದಳು. ನಾನು ತಲೆ ತಗ್ಗಿಸಿ ಬೆಂಚನ್ನು ನೋಡಿದೆ. ಬೇರೆಯವರ ಹೆಸರಿನಲ್ಲಿ ಪೆಟ್ಟಿಗೆ ಕಳಿಸಿದವರಿಗೆ ಇಲ್ಲಿ ಜಾಗವಿಲ್ಲ ಎಂದು ಪ್ರೂಯಿಟ್ ಅಲ್ಲೇ ಹೇಳಿದ. ಅವಳು ಏಪ್ರನ್ ಬಿಚ್ಚಿ ಮಡಚಿಟ್ಟಳು. ಹೊರಡುವಾಗ ನನ್ನ ಹತ್ತಿರ ನಿಂತು, "ನಿನ್ ಬೆರಳು ಪೂರ್ತಿ ವಾಸಿ ಆಯ್ತಲ್ಲ ಕೊಮಾದ್ರೆ?" ಎಂದು ಕೇಳಿದಳು.

ಸಿಕ್ಕಿಬಿದ್ದರೂ ಅವಳ ಸೊಕ್ಕು ನೋಡಿ. ಚುಚ್ಚಿ ಹೋದಳು. ನನ್ನ ಕೆಲಸ ಉಳಿಯಿತು. ರಾತ್ರಿ ಗಂಡನಿಗೆ ಹೇಳಿದರೆ ಅವನು ಮುಖ ತಿರುಗಿಸಿದ. ಯಾಕೆಂದು ಕೇಳಿದ್ದಕ್ಕೆ, "ಒಫೆಲಿಯಾ ಅಂಥೋಳಲ್ಲ" ಎಂದಷ್ಟೇ ಹೇಳಿದ.

ಎಲ್ಲರಿಗೂ ಅವಳೇ ಬೇಕು. ಮೂರನೆಯ ಕಾರ್ಡು ನಿಮ್ಮದೇ ಎಂದು ಒಪ್ಪಿಕೊಳ್ಳಿ.

ಎಲ್ಪಿಡಿಯಾ ಬಾರಗಾನ್

ಪೋಂಕಾ ಸಿಟಿ
18 ಏಪ್ರಿಲ್ 1964

ಶ್ರೀಮತಿ ಬಾರಗಾನ್,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಮೊದಲು ಕಹಿಯನ್ನೇ ಹೇಳಿಬಿಡುತ್ತೇನೆ. ಮೂರು ಕಾರ್ಡೂ ನನ್ನವೇ. ಮೊದಲೆರಡನ್ನು ನಿಮಗೆ ಬರೆಯುವ ಮುಂಚೆಯೇ ಕಳಿಸಿದ್ದೆ. ಕಾರ್ಡಿಲ್ಲದೆ ನಿಮ್ಮ ಕಂಪನಿ ರಿಪೇರಿಯ ಸಾಮಾನು ಕೊಡುವುದಿಲ್ಲ, ಕಾರ್ಡಿನಲ್ಲಿ ಟೇಪಿನ ಹೆಸರಿಗೆಂದೇ ಒಂದು ಗೆರೆ ಇರುತ್ತದೆ. ಅದು ಒಬ್ಬರ ಅನ್ನದ ಮೇಲೆ ಬೀಳುತ್ತದೆಂದು ನನಗೆ ತಿಳಿದಿರಲಿಲ್ಲ. ಮೂರನೆಯದರ ಹೊತ್ತಿಗೆ ತಿಳಿದಿತ್ತು. ನೀವು ಗೂಢಚಾರ ಎಂದಿರಲ್ಲ, ಆ ಸಿಟ್ಟಿನಲ್ಲಿ ಹಾಕಿದೆ. ಹಾಕಿದ ಮೇಲೆ ಅಂಚೆಪೆಟ್ಟಿಗೆಯೊಳಗೆ ಕೈಹಾಕಿ ತೆಗೆಯಲು ನೋಡಿದೆ. ಪೋಸ್ಟ್‌ಮಾಸ್ತರ ನನ್ನನ್ನು ಓಡಿಸಿದ. ನಿಮಗೆ ಬರೆಯಲು ಮುಖವಿರಲಿಲ್ಲ.

ಈಗ ಮುಖ್ಯ ಸಂಗತಿ. ಹೊಸ ಪೆಟ್ಟಿಗೆಗಳು ಹೋದ ವಾರ ಮುಗಿದವು. ಎರಡೂ ಪೈನ್ ಮರದವು. ತೆರೆದದ್ದಕ್ಕೆ ನಿಮ್ಮ ಮೂರನೆಯ ಪೆಟ್ಟಿಗೆಯ ಒಂದು ಸ್ಪೀಕರ್, ಮುಚ್ಚಿದ್ದಕ್ಕೆ ಅದೇ ಪೆಟ್ಟಿಗೆಯ ಇನ್ನೊಂದು. ಹಳೆಯ ತಂತಿ ಕಿತ್ತೆಸೆದು, ಕೆಂಪು ಚುಕ್ಕೆ ನೋಡಿಕೊಂಡು, ನಾನೇ ಬೆಸೆದೆ. ಒಂದೊಂದನ್ನೇ ಬಾರಿಸಿದಾಗ ಡೆಲ್ಬರ್ಟ್ ಎರಡಕ್ಕೂ ತಲೆಯಾಡಿಸಿದ. ಯಾವುದೂ ಬಿಡುವಂಥದ್ದಲ್ಲ, ತೆರೆದದ್ದು ತನಗೆ ಕೇಳಲಿ, ಮುಚ್ಚಿದ್ದು ಕುಣಿಯುವವರಿಗೆ ಕೇಳಲಿ, ಎರಡನ್ನೂ ಒಟ್ಟಿಗೆ ಜೋಡಿಸು ಎಂದ. ಜೋಡಿಸಿದೆ. ದಪ್ಪ ಸದ್ದು ಮಾಯ.

"ಏನಯ್ಯಾ ಓರ್ವಿಲ್, ಈ ಸಲ ಯಾರ್‌ನ ಬಯ್ತೀಯಾ?" ಎಂದ ಡೆಲ್ಬರ್ಟ್.

ಈ ಸಲ ಬೆಸುಗೆ ನನ್ನದೇ ಆಗಿತ್ತು. ಎರಡೂ ಸ್ಪೀಕರುಗಳನ್ನು ಹೊರತೆಗೆದು ಮೇಜಿನ ಮೇಲೆ ಅಂಗಾತ ಇಟ್ಟು, ಒಂದೊಂದಕ್ಕೆ ಬೇರೆಬೇರೆಯಾಗಿ ಬ್ಯಾಟರಿ ತಾಗಿಸಿದೆ. ಮೊದಲ ದಿನವೇ ಹೀಗೆ ಮಾಡಬೇಕಿತ್ತು. ಕಪ್ಪು ಚೌಕಟ್ಟಿನದು ಚುಕ್ಕೆಯಂತೆ ಮುಂದಕ್ಕೆ ಬಂತು. ಬೂದು ಚೌಕಟ್ಟಿನದು ಹಿಂದಕ್ಕೆ ಹೋಯಿತು. ಆ ಬೂದು ಸ್ಪೀಕರು ಮಾಡುವವರು ಕೆಂಪು ಚುಕ್ಕೆಯನ್ನು ತಿರುಗಿಸಿ ಇಡುತ್ತಾರೆ. ಎರಡೂ ಬೂದು ಇದ್ದರೆ ತೊಂದರೆಯಿಲ್ಲ, ಎರಡೂ ಕಪ್ಪಿದ್ದರೂ ಇಲ್ಲ. ಒಂದು ಕಪ್ಪು ಒಂದು ಬೂದು ಕೂಡಿದರೆ ಜಗಳ. ಒಂದೇ ಸ್ಪೀಕರಿನ ಪೆಟ್ಟಿಗೆಯಲ್ಲಿ ಅದು ಉಲ್ಟಾ ಇದ್ದರೂ ಯಾರ ಕಿವಿಗೂ ಬೀಳುವುದಿಲ್ಲ, ಜಗಳವಾಡಲು ಪಕ್ಕದಲ್ಲಿ ಇನ್ನೊಂದಿಲ್ಲವಲ್ಲ. ಒಫೆಲಿಯಾ ಅವರ ಪೆಟ್ಟಿಗೆಗಳು ತಿರುಗಿ ಬರದಿದ್ದುದು ಅದಕ್ಕೇ. ಅವರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನಾನು ಕಂಡೆ, ಪರಾಂಬರಿಸಲಿಲ್ಲ. ನಿಮ್ಮ ಬೆಸುಗೆ ಸರಿಯಿತ್ತು. ನಿಮ್ಮ ಕಂಪನಿಗೂ ಇವತ್ತೇ ಬರೆಯುತ್ತಿದ್ದೇನೆ. ಈ ಪತ್ರವನ್ನು ಮೇಸ್ತ್ರಿಗೆ ತೋರಿಸಿ.

ಇನ್ನೊಂದು. ಪೆಟ್ಟಿಗೆಗಳ ತಳದಲ್ಲಿ ತಾರೀಖಿನ ಮುದ್ರೆ ಇದೆ. ಮೂರೂ ಜನವರಿ 20ರಿಂದ 31ರ ಒಳಗಿನವು. ಕಪ್ಪು ಮುಗಿದು ಬೂದು ಬಂದ ದಿನಗಳಿರಬೇಕು. ಟೇಪಿನ ಅಕ್ಷರ ಬೇರೆಯಾದದ್ದೂ ಆಗಲೇ. ಜನವರಿಯಲ್ಲಿ ನಿಮ್ಮ ಬೆಂಚಿನಲ್ಲಿ ಏನು ನಡೆಯಿತು, ನೆನಪು ಮಾಡಿಕೊಳ್ಳಿ. ಆ ಟೇಪನ್ನು ಯಾರಿಗೂ ತೋರಿಸದೆ ಇದ್ದದ್ದು ಒಳ್ಳೆಯದಾಯಿತು.

ಓರ್ವಿಲ್ ಟ್ಯಾಕೆಟ್

ಪ್ಲಸೆಂಟಿಯಾ
26 ಏಪ್ರಿಲ್ 1964

ಶ್ರೀ ಟ್ಯಾಕೆಟ್,

ನಿಮ್ಮ ಪತ್ರ ಬಂದದ್ದು ಬುಧವಾರ. ಒಫೆಲಿಯಾ ಹೋಗಿ ಆಗಲೇ ಒಂದು ವಾರವಾಗಿತ್ತು. ನನ್ನ ಪತ್ರವೂ ಈಗ ನಿಮ್ಮ ಕೈಯಲ್ಲಿರಬೇಕು.

ಜನವರಿ ಎಂಬ ಪದ ಓದಿದ ಕೂಡಲೇ ಕೈ ತಾನಾಗಿ ಹೆಬ್ಬೆರಳನ್ನು ಮುಟ್ಟಿಕೊಂಡಿತು. ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಪೆನ್ಸಿಲನ್ನು ಹಾಗೆ ಹಿಡಿದು ಬರೆಯಲಾಗುವುದಿಲ್ಲ. ಹೆಸರಿಲ್ಲದ ಪೆಟ್ಟಿಗೆಯನ್ನು ಪ್ರೂಯಿಟ್ ಮುಂದಕ್ಕೆ ಬಿಡುವುದಿಲ್ಲ. ಆ ಎರಡು ವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ನನ್ನ ಟೇಪುಗಳು ಬೆಂಚಿನ ಅಂಚಿನಲ್ಲಿ ಸಾಲಾಗಿ ತೂಗುತ್ತಿದ್ದವು. ನಾನು ಕಿತ್ತೆ, ಅಂಟಿಸಿದೆ. ಯಾರು ಬರೆದರು ಎಂದು ಒಂದು ದಿನವೂ ಕೇಳಲಿಲ್ಲ. ನೋವಿನಲ್ಲಿ ಅತ್ತ ಗಮನವೇ ಇರಲಿಲ್ಲ.

ನಿಮ್ಮ ಪತ್ರ ಹಿಡಿದು ಪ್ರೂಯಿಟ್ ಕೋಣೆಗೆ ಹೋದೆ. ಅವನು ಉಗ್ರಾಣದಿಂದ ಒಂದು ಕಪ್ಪು, ಒಂದು ಬೂದು ತರಿಸಿ, ಬಾಗಿಲು ಹಾಕಿಕೊಂಡು ಬ್ಯಾಟರಿ ತಾಗಿಸಿ ನೋಡಿದ. ಸಂಜೆಯೊಳಗೆ ಬೂದು ಬಣ್ಣದವು ಬೇರೆ ಗಾಡಿಗೆ ಹೋದವು. ನನ್ನ ಹೆಸರಿನ ಕೆಳಗಿನ ಕಾರ್ಡುಗಳನ್ನೂ ತೆಗೆದರು.

"ಒಫೆಲಿಯಾನ ವಾಪಸ್ ಕರೀರಿ ಸಾರ್. ನಂಗೆ ಸಹಾಯ ಮಾಡೋಕೆ ಬರ್ದಿದ್ದು ಅವ್ಳು."

"ಅವಳ್ನ ಕಳಿಸಿದ್ದು ತಂತಿಗಲ್ಲ, ಹೆಸ್ರಿಗೆ. ಆ ಟೇಪ್ ತಂದುಕೊಟ್ಟೋಳು ನೀನೇ ಅಲ್ವೇನಮ್ಮಾ?" ಎಂದ. ಆ ಜಾಗಕ್ಕೆ ಸೋಮವಾರ ಬೇರೆಯವರು ಬರುತ್ತಾರಂತೆ.

ಇವತ್ತು ಚರ್ಚಿನ ಪೂಜೆ ಮುಗಿಸಿ ಒಫೆಲಿಯಾಳ ಮನೆಗೆ ಹೋದೆ. ಜಾಲರಿ ಬಾಗಿಲಿನ ಆಚೆ ನಿಂತಳು, ಚಿಲಕ ತೆಗೆಯಲಿಲ್ಲ.

"ಏನೇ, ಬೆರಳು ತೋರಿಸೋಕೆ ಬಂದ್ಯಾ?"

"ನಂಗೆ ನೆನಪಿರ್ಲಿಲ್ಲ ಕೊಮಾದ್ರೆ. ದೇವ್ರಾಣೆಗೂ. ಆ ಟೇಪು ಬಂದು ಹದಿನೈದು ದಿನ ಆದ್ರೂ ಹೊಳೀಲಿಲ್ಲ."

"ನೆನಪಿರ್ಲಿಲ್ಲ ಸರಿ. ಬಾಯಿ ಇತ್ತಲ್ಲ? ಹದಿನೈದು ದಿನ ನನ್ ಕೈಯ ರೊಟ್ಟಿ ತಿಂದ್ಕೊಂಡು ಟೇಪು ಜೇಬಲ್ಲಿ ಇಟ್ಕೊಂಡಿದ್ದೆ. 'ಏನೇ ಇದು, ನೀನ್ ಬರ್ದಿದ್ದಾ?' ಅಂತ ಒಂದ್ ಮಾತು ಕೇಳಿದ್ರೆ ಆಗ್ತಿತ್ತು."

"ಪ್ರೂಯಿಟ್ ಕೇಳ್ದಾಗ ನೀನಾದ್ರೂ ಹೇಳ್ಬಹುದಿತ್ತು..."

"ನೀನ್ ಹೇಳ್ತೀಯ ಅಂತ ಕಾಯ್ದೆ. ನಿನ್ ಪರವಾಗಿ ನಾನು ಎರಡು ಸಲ ಅವನ ಕೋಣೆಗೆ ಹೋಗಿದ್ದೆ ಗೊತ್ತಾ? ಹನ್ನೊಂದು ವರ್ಷದಲ್ಲಿ ಇವಳು ತಪ್ಪಿದ್ದಿಲ್ಲ, ಇನ್ನೊಂದು ಸಲ ನೋಡಿ ಸಾರ್ ಅಂತ ಬೇಡ್ಕೊಂಡೆ. ನೀನು ಬೆಂಚು ನೋಡ್ದೆ."

ಅವಳ ನಾದಿನಿಗೆ ಫೆಬ್ರವರಿಯಲ್ಲೇ ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ. ಅದನ್ನೂ ನಾನು ಕೇಳಿರಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ನೀವು ಕಾರ್ಡು ಹಾಕಿದ್ದು ಕಂಡು ಅರಿಯದವಳ ಮೇಲೆ. ನಾನು ಮಾಡಿದ್ದು ಯಾರ ಮೇಲೆ ನೋಡಿ.

ಎಲ್ಪಿಡಿಯಾ

ಪೋಂಕಾ ಸಿಟಿ
4 ಮೇ 1964

ಎಲ್ಪಿಡಿಯಾ ಅವರಿಗೆ,

ನಿಮ್ಮ ಎರಡು ಪತ್ರಗಳನ್ನೂ ಹಿಂದೆಮುಂದೆಯಾಗಿ ಓದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಬರೆಯ ಕಬ್ಬಿಣ ಕಾಯಿಸಿದವನು ನಾನು.

ನಿಮ್ಮ ಕಂಪನಿಯಿಂದ ನನಗೂ ಉತ್ತರ ಬಂತು. ಅಚ್ಚು ಹಾಕಿಸಿದ್ದು. 'ನಮ್ಮ ತಯಾರಿಕೆಯ ಮೇಲಿನ ನಿಮ್ಮ ವಿಶ್ವಾಸಕ್ಕೆ ಧನ್ಯವಾದ' ಎಂದಿದೆ. ಒಫೆಲಿಯಾ ಅವರ ವಿಷಯವಾಗಿ ಇನ್ನೊಂದು ಪತ್ರ ಹಾಕಿದ್ದೇನೆ. ಅವರ ವಿಳಾಸ ಕೊಟ್ಟರೆ ಅವರಿಗೂ ಬರೆಯುತ್ತೇನೆ. ಏನು ಬರೆಯಬೇಕೋ ಇನ್ನೂ ಗೊತ್ತಿಲ್ಲ.

ಕಾರ್ಡಿನ ಕಟ್ಟು ಒಲೆಗೆ ಹಾಕಿದೆ. ಬೂದು ಸ್ಪೀಕರಿನ ತಂತಿ ತಿರುಗಿಸಿ ಬೆಸೆದ ಮೇಲೆ ಡೆಲ್ಬರ್ಟ್ ಎರಡು ಪೆಟ್ಟಿಗೆಗಳನ್ನೂ ಒಯ್ದ. ತೆರೆದದ್ದನ್ನು ಗೋಡೆಯಿಂದ ಎರಡು ಅಡಿ ದೂರ ಇಟ್ಟುಕೊಳ್ಳುತ್ತಾನೆ, ಮುಚ್ಚಿದ್ದನ್ನು ಕುಣಿಯುವವರ ಕಡೆ ತಿರುಗಿಸುತ್ತಾನೆ. ಚೆನ್ನಾಗಿ ಕೇಳುತ್ತದೆ. ನಾನು ಹೋಗಿ ಒಂದು ಹಾಡು ಕೇಳಿ ಮನೆಗೆ ಬಂದೆ.

ನಿಮ್ಮ ಬೆರಳು ಈಗ ನೋಯುವುದಿಲ್ಲ ತಾನೇ?

ಓರ್ವಿಲ್

ಪ್ಲಸೆಂಟಿಯಾ
28 ಜೂನ್ 1964

ಓರ್ವಿಲ್ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಬೆರಳು ನೋಯುವುದಿಲ್ಲ.

ಒಫೆಲಿಯಾ ಈಗ ಕಿತ್ತಳೆ ಕಟ್ಟುವ ಶೆಡ್ಡಿನಲ್ಲಿ ದಿನವೆಲ್ಲ ನಿಂತು ಹಣ್ಣು ಆರಿಸುತ್ತಾಳೆ. ಅವಳಂಥ ಬೆಸುಗೆಗಾರ್ತಿ ಹಣ್ಣು ಆರಿಸುತ್ತಿದ್ದಾಳೆ. ನಿಮಗೆ ವಿಳಾಸ ಕೊಡಲೇ ಎಂದು ಕೇಳಿದೆ. "ಕಾಗದ ಬೇಡ, ಕಾರ್ಡು ಬೇಡ. ನನ್ ಹೆಸ್ರು ಇನ್ನು ಯಾರೂ ಎಲ್ಲೂ ಬರೀಬೇಡಿ" ಎಂದಳು. ಪ್ರತಿ ಭಾನುವಾರ ಹೋಗುತ್ತೇನೆ. ಹೋದ ವಾರ ನನ್ನ ಕಿರಿಮಗಳು ಜೊತೆಗಿದ್ದಳು. ಚಿಲಕ ತೆಗೆದು ಮಗುವನ್ನು ಒಳಗೆ ಕರೆದುಕೊಂಡಳು. ನಾನು ಮೆಟ್ಟಿಲ ಮೇಲೆ ಕೂತು ಕಾದೆ.

ಬೆಂಚಿನ ಎಡಗಡೆ ಈಗ ನಿಕನೋರಾ ಎಂಬವಳು ಕೂರುತ್ತಾಳೆ, ಈಗ ಇಬ್ಬರದೂ ಎರಡು ಸ್ಪೀಕರಿನ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವಳು, ಈ ಕೆಲಸಕ್ಕೆ ಹೊಸಬಳು. ಗುರುವಾರ ಬೆಸುಗೆ ಕಡ್ಡಿಯನ್ನು ತಪ್ಪು ತುದಿಯಲ್ಲಿ ಹಿಡಿದಳು. ಮೂರು ಬೆರಳು ಬೆಂದವು. ಮರುದಿನ ಬಟ್ಟೆ ಸುತ್ತಿಕೊಂಡು ಬಂದು, ಖಾಲಿ ಟೇಪುಗಳನ್ನು ನನ್ನ ಮುಂದೆ ಇಟ್ಟಳು.

"ಎಲ್ಪಿಡಿಯಾ, ಮಗಳೇ, ನನ್ ಹೆಸ್ರು ಬರ್ಕೊಡ್ತೀಯಾ?"

ಪ್ರೂಯಿಟ್ ಎರಡು ಬೆಂಚಿನಾಚೆ ನಿಂತಿದ್ದ. ನಿಜ ಹೇಳುತ್ತೇನೆ, ಮೊದಲು ನನಗೆ ಅನಿಸಿದ್ದು ಇವಳನ್ನು ಅವನೇ ಕಳಿಸಿರಬೇಕು ಎಂದು. ನನ್ನನ್ನು ಸಿಕ್ಕಿಸಲು ನೋಡುತ್ತಿದ್ದಾಳೆಯೇ ಎಂದು ಅವಳ ಮುಖವನ್ನೇ ನೋಡಿದೆ. ಅಲ್ಲಿ ನೋವು ಬಿಟ್ಟು ಬೇರೇನೂ ಇರಲಿಲ್ಲ. ಆ ಕ್ಷಣ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಪೆನ್ಸಿಲು ತೆಗೆದುಕೊಂಡು ಇಪ್ಪತ್ತು ಟೇಪು ಬರೆದೆ. ಬೇಲಿಗೂಟದಂಥ ನನ್ನ ಅಕ್ಷರದಲ್ಲಿ ನಿಕನೋರಾ, ನಿಕನೋರಾ. ಪ್ರತಿಯೊಂದರ ಕೆಳಗೂ ನನ್ನ ಹೆಸರನ್ನೂ ಬರೆದೆ. ಪ್ರೂಯಿಟ್ ಬಂದು ನಿಂತು ಓದಿದ.

"ಇದೇನಿದು, ಎರಡು ಹೆಸ್ರು?"

"ಕೈ ಅವ್ರದು, ಅಕ್ಷರ ನಂದು ಸಾರ್. ಏನಾದ್ರೂ ಆದ್ರೆ ಇಬ್ರನ್ನೂ ಕೇಳಿ."

ಅವನು ಟೇಪೊಂದನ್ನು ಕೈಗೆತ್ತಿಕೊಂಡ. ಎಲ್ಲ ಬೆಂಚಿನವರೂ ಕಡ್ಡಿ ಕೆಳಗಿಟ್ಟು ಈ ಕಡೆಯೇ ನೋಡುತ್ತಿದ್ದರು. ಅದನ್ನು ಅಲ್ಲೇ ಇಟ್ಟು ಮುಂದಕ್ಕೆ ಹೋದ. ಅವನು ಇದನ್ನು ಮರೆಯುವವನಲ್ಲ, ನನಗೆ ಗೊತ್ತು.

ಆ ಪೆಟ್ಟಿಗೆಗಳಲ್ಲಿ ಕೆಲವು ನಿಮ್ಮ ಕಡೆಗೂ ಬಂದಾವು. ತೆರೆದದ್ದಾಗಲಿ ಮುಚ್ಚಿದ್ದಾಗಲಿ, ಒಳಗೆ ಒಂದೇ ಟೇಪಿನಲ್ಲಿ ಎರಡು ಹೆಸರು ಕಂಡರೆ, ಸದ್ದು ಸರಿಯಿಲ್ಲದಿದ್ದರೂ, ಕಚೇರಿಗೆ ಬರೆಯಬೇಡಿ. ನನ್ನ ಮನೆಯ ವಿಳಾಸಕ್ಕೆ ಬರೆಯಿರಿ. ಅದಕ್ಕೂ ಮೊದಲು ಸ್ಪೀಕರುಗಳನ್ನು ಹೊರತೆಗೆದು ಬ್ಯಾಟರಿ ತಾಗಿಸಿ ನೋಡಿ, ಒಂದೊಂದಾಗಿ.

ಎಲ್ಪಿಡಿಯಾ